ಕೈಗೆಟಕುವ ದೂರ: ಸಂಕರ್ಷಣ ರಾಯರ ಕ್ಯಾಶ್ ಮೆಮರಿಯ ಪಾಠ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕಳೆದ ಹದಿನೈದು ವರ್ಷಗಳಲ್ಲಿ ಕಂಪ್ಯೂಟರ್ ಕೊಂಡವರಲ್ಲಿ ಅನೇಕರು, ಅಂಗಡಿಗೆ ಹೋಗುವ ಮುಂಚೆ ಕೋಲಾರದ ಒಂದು ಪಾಲಿಟೆಕ್ನಿಕ್‌ನ ಪ್ರಯೋಗಾಲಯದ ಬಾಗಿಲು ತಟ್ಟಿ ಒಬ್ಬರ ಅಭಿಪ್ರಾಯ ಕೇಳಿಕೊಂಡು ಹೋದವರು. ಆ ಒಬ್ಬರು ಈ ಆಗಸ್ಟ್ ಕೊನೆಯ ದಿನ ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀ ಸಂಕರ್ಷಣ ರಾಯರು. ಅವರು ಗ್ರಂಥ ಬರೆದವರಲ್ಲ, ಪ್ರಶಸ್ತಿ ಪಡೆದವರಲ್ಲ. ಗಣಿತದ ಅಧ್ಯಾಪಕರಾಗಿ ಸೇರಿ, ತೊಂಬತ್ತರ ದಶಕದಲ್ಲಿ ಕಾಲೇಜಿಗೆ ಕಂಪ್ಯೂಟರುಗಳು ಬಂದಾಗ ಅವನ್ನು ಕಲಿಸುವವರು ಬೇರೆ ಯಾರೂ ಇಲ್ಲದ್ದರಿಂದ ತಾವೇ ಕಲಿತು ಕಲಿಸಿದವರು. ಕಂಪ್ಯೂಟರಿನ ವೇಗವೆಂದರೆ ಡಬ್ಬಿಯ ಮೇಲೆ ಅಚ್ಚಾದ ಅಂಕಿಯೊಂದೇ ಅಲ್ಲವೆಂಬುದನ್ನು ಈ ಭಾಗದ ಜನರಿಗೆ ಅಚ್ಚಗನ್ನಡದಲ್ಲಿ ತಿಳಿಸಿ ಹೇಳಿದವರಲ್ಲಿ ಅವರು ಮೊದಲಿಗರು ಎಂದರೆ ಅತಿಶಯೋಕ್ತಿಯಾಗಲಾರದು.

ರಾಯರ ಮೇಜಿನ ಮೇಲೆ ಕಾಗದ ಹಾರದಂತೆ ಅದುಮಿಡಲು ಒಂದು ಹಳೆಯ ಪ್ರೊಸೆಸರ್ ಕಾರ್ಡು ಇದೆ. ಅಂಗೈಗಿಂತ ತುಸು ದೊಡ್ಡ ಹಸಿರು ಹಲಗೆ. ನಡುವೆ ಒಂದು ಚಿಪ್ಪು, ಅಕ್ಕಪಕ್ಕ ಏನೂ ಇಲ್ಲ. ಅದೇ ಕಾಲದ ದುಬಾರಿ ಮಾದರಿಯಲ್ಲಿ ಆ ಅಕ್ಕಪಕ್ಕದಲ್ಲಿ ಕ್ಯಾಶ್ ಮೆಮರಿಯ ಚಿಪ್ಪುಗಳು ಕೂತಿರುತ್ತಿದ್ದವು. ಅಗ್ಗದ ಮಾದರಿಯಲ್ಲಿ ಅವನ್ನು ಬಿಟ್ಟಿದ್ದರು. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಅದೇನೆಂದು ಕೇಳಿದರೆ ರಾಯರು ಚಿಪ್ಪನ್ನು ತೋರಿಸುತ್ತಿರಲಿಲ್ಲ, ಖಾಲಿ ಜಾಗದ ಮೇಲೆ ಬೆರಳಿಡುತ್ತಿದ್ದರು. ಅದರ ಕಾರಣ ಬಹಳ ಮಂದಿಗೆ ತಿಳಿಯದು.

ಪ್ರೊಸೆಸರ್ ಎಣಿಸುವ ವೇಗಕ್ಕೂ ಮುಖ್ಯ ಮೆಮರಿ ಅದಕ್ಕೆ ಅಂಕಿ ಒದಗಿಸುವ ವೇಗಕ್ಕೂ ಅಜಗಜಾಂತರವಿದೆ. ಬೇಕಾದ ಅಂಕಿ ಮುಖ್ಯ ಮೆಮರಿಯಿಂದ ಬರುವವರೆಗೆ ಪ್ರೊಸೆಸರ್ ಕೈಕಟ್ಟಿ ಕೂತಿರಬೇಕು. ಈ ಕಾಯುವಿಕೆಯನ್ನು ತಪ್ಪಿಸಲು, ಪದೇ ಪದೇ ಬೇಕಾಗುವುದನ್ನು ಇಟ್ಟುಕೊಳ್ಳುವ ಚಿಕ್ಕದಾದ, ಆದರೆ ಬಹು ಚುರುಕಾದ ಇನ್ನೊಂದು ಮೆಮರಿಯನ್ನು ಪ್ರೊಸೆಸರಿನ ಮಗ್ಗುಲಲ್ಲೇ ಇಡುತ್ತಾರೆ. ಅದೇ ಕ್ಯಾಶ್. ಪಠ್ಯಪುಸ್ತಕ ಇಷ್ಟನ್ನು ಹೇಳುತ್ತದೆ. ರಾಯರು ಇದನ್ನೇ ತಮ್ಮ ತಾಯಿ ತಿರುಮಲಮ್ಮನವರ ಮಡಿ ಅಡುಗೆಯ ಮೂಲಕ ಹೇಳುತ್ತಿದ್ದರು. ಅದನ್ನು ಕೇಳಿದ ವಿದ್ಯಾರ್ಥಿ ಮರೆತದ್ದಿಲ್ಲ. ಆ ಹೋಲಿಕೆ ಅವರಿಗೆ ಪಾಠ ಮಾಡುವಾಗ ಹೊಳೆದದ್ದಲ್ಲ, ಕಷ್ಟದಲ್ಲಿದ್ದಾಗ ಸಿಕ್ಕಿದ್ದು.

ರಾಯರದು ಮುಳಬಾಗಿಲಿನ ಪಂಚಾಂಗಕರ್ತರ ಮನೆತನ. ಅವರ ತಂದೆ ಪ್ರಹ್ಲಾದಾಚಾರ್ಯರು ಐವತ್ತು ವರ್ಷ ಪ್ರತಿ ಸಂವತ್ಸರದ ಪಂಚಾಂಗವನ್ನು ಕೈಯಾರೆ ಗಣಿಸಿದವರು. ಆವನಿಯಿಂದ ನಂಗಲಿಯವರೆಗೆ ಎಷ್ಟೋ ಮನೆಗಳಲ್ಲಿ ಮದುವೆ, ಶ್ರಾದ್ಧ, ಏಕಾದಶಿಗಳೆಲ್ಲ ಆ ಪುಸ್ತಕದ ಮಾತಿನಂತೆಯೇ ನಡೆಯುತ್ತಿದ್ದವು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಗಣಿಸಿ ಮುಗಿದ ಅಂಕಿಗಳನ್ನು ಅಚ್ಚಿಗೆ ಕೊಡುವ ಮುಂಚೆ ಒಬ್ಬರು ಗಟ್ಟಿಯಾಗಿ ಓದಬೇಕು, ಎದುರಿಗೆ ಕೂತು ಇನ್ನೊಬ್ಬರು ಕೇಳಬೇಕು; ಕೇಳಿದವರು ‘ಸರಿ’ ಎಂದ ಮೇಲೆಯೇ ಮುಂದಿನ ಅಂಕಿ. ರಾಯರು ಓದಲು ಕಲಿತದ್ದೇ ಹೀಗೆ. ತಿಥಿ, ಘಟಿ, ವಿಘಟಿ ಎಂದು ಹುಡುಗ ಓದುವುದು, ತಂದೆ ಕಣ್ಣು ಮುಚ್ಚಿ ಕೇಳಿ ‘ಸರಿ’ ಎನ್ನುವುದು. ದಿನವೊಂದಕ್ಕೆ ಅರವತ್ತು ಘಟಿ, ಘಟಿಗೆ ಅರವತ್ತು ವಿಘಟಿ ಎಂಬುದು ಆ ಹುಡುಗನಿಗೆ ಗಂಟೆ ನಿಮಿಷಕ್ಕಿಂತ ಮೊದಲು ಬಂತು. ಕೆಲಸಕ್ಕೆ ಸೇರಿ ಕೋಲಾರದಲ್ಲಿ ಮನೆ ಮಾಡಿದ ಮೇಲೂ ರಾಯರು ಈ ಓದಿಗಾಗಿ ಮುಳಬಾಗಿಲಿಗೆ ಹೋಗುವುದನ್ನು ತಪ್ಪಿಸಲಿಲ್ಲ.

೧೯೯೭ರಲ್ಲಿ ಪ್ರಹ್ಲಾದಾಚಾರ್ಯರ ಕಣ್ಣಿನ ನರ ಸೊರಗುತ್ತಿರುವುದು ಗೊತ್ತಾಯಿತು. ಹೋದ ದೃಷ್ಟಿ ಮರಳದು, ಉಳಿದದ್ದೂ ಹೆಚ್ಚು ಕಾಲ ಇರದು ಎಂದು ವೈದ್ಯರು ಹೇಳಿದರು. ಕಾಗದದ ಮೇಲೆ ಗುಣಿಸಿ ಭಾಗಿಸುವುದು ಇನ್ನೊಂದು ವರ್ಷಕ್ಕಿಂತ ಹೆಚ್ಚು ಸಾಗದು. ಪಂಚಾಂಗವನ್ನು ಕಂಪ್ಯೂಟರಿನಲ್ಲಿ ಗಣಿಸುವೆನೆಂದು ರಾಯರು ಹೇಳಿದಾಗ ಆಚಾರ್ಯರು ಬೇಡವೆನ್ನಲಿಲ್ಲ, ಆದರೆ ಒಂದು ಷರತ್ತು ಹಾಕಿದರು.

“ನನ್ನ ಹೆಸರು ಹಾಕ್ಬೇಕು ಅಂದ್ರೆ ಆ ಯಂತ್ರ ನಾನು ಮಾಡಿದ್ದನ್ನ ಮಾಡಿ ತೋರಿಸ್ಲಿ. ಹಿಂದಿನ ಐವತ್ತು ವರ್ಷದ್ದೂ ಮಾಡ್ಲಿ. ನಂದಕ್ಕೆ ತಾಳೆ ಆದ್ರೆ ಮುಂದಿನ ವರ್ಷದ್ದು ಅದರ ಕೈಗೆ ಕೊಡೋಣ.”

“ತಾಳೆ ಆಗದೇ ಇದ್ರೆ?”

“ಆಗ ನಮ್ಮನೆ ಪಂಚಾಂಗ ನನ್ನ ಕಣ್ಣಿನ ಜೊತೆ ನಿಲ್ಲುತ್ತೆ. ಬೇರೆಯವರದ್ದು ಇದೆಯಲ್ಲ, ಜನ ಅದನ್ನ ನೋಡ್ತಾರೆ ಬಿಡು.”

ರಾಯರಿಗೆ ಬೇಕಾಗಿದ್ದುದು ಒಂದೇ: ಕಣ್ಣು ಪೂರ್ತಿ ಹೋಗುವುದರೊಳಗೆ ತಂದೆ ತಮ್ಮ ಹೆಸರಿನ ಪಂಚಾಂಗವನ್ನು ಕೈಯಲ್ಲಿ ಹಿಡಿದು, ತಾವೇ ಓದಿ, ‘ಸರಿ’ ಎನ್ನಬೇಕು.

ಆ ವರ್ಷದ ಕೊನೆಗೆ ಪ್ರಯೋಗಾಲಯಕ್ಕೆ ಬಂದ ಇನ್ನೂರ ಮೂವತ್ತಮೂರು ಮೆಗಾಹರ್ಟ್ಸ್ ವೇಗದ ಯಂತ್ರದಲ್ಲಿ ಸ್ವಂತ ಕೆಲಸ ಮಾಡಿಕೊಳ್ಳಲು ಪ್ರಾಂಶುಪಾಲರು ಭಾನುವಾರಗಳಂದು ಅನುಮತಿ ಕೊಟ್ಟರು. ಗ್ರಹಗಳ ಸ್ಥಾನ ಹಿಡಿಯಲು ಕೋನಕ್ಕೆ ತಕ್ಕ ‘ಜ್ಯಾ’ ಬೇಕು. ಶಾಲೆಯ ಗಣಿತದಲ್ಲಿ ಸೈನ್ ಎನ್ನುವುದೂ ಇದೇ. ಪ್ರತಿ ಸಲ ಅದನ್ನು ಎಣಿಸುವ ಬದಲು, ಇಡೀ ವೃತ್ತದ ಪ್ರತಿಯೊಂದು ಕಲೆಗೂ, ಅಂದರೆ ಡಿಗ್ರಿಯ ಅರವತ್ತನೇ ಒಂದೊಂದು ಪಾಲಿಗೂ, ಜ್ಯಾ ಮೊದಲೇ ಎಣಿಸಿ ಇಪ್ಪತ್ತೊಂದು ಸಾವಿರದ ಆರುನೂರು ಅಂಕಿಗಳ ಕೋಷ್ಟಕವೊಂದನ್ನು ರಾಯರು ಮೆಮರಿಯಲ್ಲಿಟ್ಟರು. ತಂದೆ ತಪ್ಪು ಹಿಡಿಯಲು ಎಡೆಯಿರಬಾರದೆಂದು ಕಾಲವನ್ನೂ ವಿಘಟಿಯ ಅರವತ್ತನೇ ಒಂದು ಪಾಲಿನಷ್ಟು ಸಣ್ಣ ಹೆಜ್ಜೆಯಲ್ಲಿ ನಡೆಸಿದರು. ಬೆಳಿಗ್ಗೆ ಶುರು ಮಾಡಿದರೆ ಐವತ್ತು ವರ್ಷದ ಗಣಿತ ಮುಗಿಯುವುದು ಸಂಜೆಯ ಹೊತ್ತಿಗೆ. ಭಾನುವಾರ ಸಂಜೆ ಐದಕ್ಕೆ ಕೋಲಾರದ ಆ ಭಾಗದಲ್ಲಿ ಕರೆಂಟು ತೆಗೆಯುತ್ತಿದ್ದರು. ಹೀಗಾಗಿ ವಾರಕ್ಕೆ ಒಂದೇ ಪ್ರಯತ್ನ; ತಪ್ಪಿದರೆ ಮುಂದಿನ ವಾರ.

ತಪ್ಪುತ್ತಲೇ ಇತ್ತು. ಯಂತ್ರದ ಲೆಕ್ಕಕ್ಕೂ ಆಚಾರ್ಯರ ಹಳೆಯ ಪಂಚಾಂಗಗಳಿಗೂ ಅಲ್ಲೊಂದು ಇಲ್ಲೊಂದು ಕಡೆ ಕೆಲವು ವಿಘಟಿಗಳ ವ್ಯತ್ಯಾಸ. ಪ್ರಯೋಗಾಲಯದ ಸಹಾಯಕರಾಗಿದ್ದ ಸುಗಟೂರಿನ ನಂದೀಶ್, ಭಾನುವಾರಗಳಲ್ಲೂ ಬಸ್ಸು ಹಿಡಿದು ಬಂದು ಜೊತೆಗಿರುತ್ತಿದ್ದವರು, ಒಮ್ಮೆ ಅಳುಕುತ್ತಲೇ ಹೇಳಿದರು: “ಸಾರ್, ಬೇಜಾರು ಮಾಡ್ಕೋಬೇಡಿ. ದೊಡ್ಡೋರ ಲೆಕ್ಕದಲ್ಲೇ ಏನಾದ್ರೂ...”

“ಇರಬಹುದು ನಂದೀಶ್. ಆದ್ರೆ ಐವತ್ತು ವರ್ಷ ಒಂದೇ ಥರ ತಪ್ಪು ಮಾಡೋಕೆ ಆಗುತ್ತಾ?” ಎಂದರು ರಾಯರು.

೧೯೯೮ರ ಕೊನೆಗೆ ಹೊಸ ಯಂತ್ರಗಳು ಬಂದವು. ವೇಗ ಇನ್ನೂರ ಅರವತ್ತಾರು. ಹಳೆಯದು ಕಾಲೇಜಿನ ಕಚೇರಿಗೆ ಹೋಯಿತು. ಪ್ರಮಾಥಿ ಸಂವತ್ಸರದ ಯುಗಾದಿ ಬರುವ ಮಾರ್ಚಿನಲ್ಲಿ; ಸಂಕ್ರಾಂತಿ ಕಳೆದ ಕೂಡಲೇ ಅಚ್ಚಿಗೆ ಪ್ರತಿ ಬೇಕೆಂದು ಕೋಲಾರದ ಅಚ್ಚುಕೂಟದ ಮುನಿಕೃಷ್ಣಪ್ಪನವರು ತೆಲುಗು ಬೆರೆಸಿ ಆಗಲೇ ಎಚ್ಚರಿಸಿದ್ದರು: “ಏಮಯ್ಯಾ ಮೇಷ್ಟ್ರೇ, ಹಬ್ಬ ಆದ್ಮೇಲೆ ಪಂಚಾಂಗ ಕೊಟ್ರೆ ಎವರು ಕೊಂಟಾರು? ನೆಲಗಡಲೆ ಕಟ್ಟೋಕೆ ಆಗುತ್ತೆ, ಅಷ್ಟೇ.” ಹೊಸ ಯಂತ್ರದಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಮುಗಿದೀತು, ಉಳಿದ ಹೊತ್ತಿನಲ್ಲಿ ತಿದ್ದಿ ಮತ್ತೆ ಓಡಿಸಬಹುದು ಎಂದು ರಾಯರು ಎಣಿಸಿದ್ದರು.

ಮೊದಲ ಭಾನುವಾರ ಐದು ಹೊಡೆಯಿತು, ಕರೆಂಟು ಹೋಯಿತು, ಗಣಿತ ಅರ್ಧ ದಾರಿಯನ್ನಷ್ಟೇ ದಾಟಿತ್ತು.

“ಸಾರ್, ಹೊಸಾದು ತಾನೆ ಇದು?” ಎಂದರು ನಂದೀಶ್, ಕಪ್ಪಾದ ಪರದೆ ನೋಡುತ್ತ. “ಇದಕ್ಕಿಂತ ನಮ್ಮ ಸುಗಟೂರು ಬಸ್ಸೇ ವಾಸಿ. ಕಂಡಕಂಡಲ್ಲಿ ನಿಂತ್ರೂ ಸಂಜೆಗೆ ಊರು ಸೇರಿಸುತ್ತೆ.”

ಮಾರನೆಯ ದಿನ ರಾಯರು ಯಂತ್ರದ ಮೈ ಬಿಚ್ಚಿದರು. ಕಾರ್ಡಿನ ಅಕ್ಕಪಕ್ಕ ಖಾಲಿ. ಕೈಪಿಡಿ ತೆರೆದು ನೋಡಿದರೆ, ಈ ಅಗ್ಗದ ಮಾದರಿಗೆ ಎರಡನೇ ಹಂತದ ಕ್ಯಾಶ್ ಇಲ್ಲವೆಂದು ಸ್ಪಷ್ಟವಾಗಿಯೇ ಬರೆದಿತ್ತು. ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ, ಕೊಂಡವರು ಓದಿರಲಿಲ್ಲ ಅಷ್ಟೆ. ಹಳೆಯ ಯಂತ್ರದ ಬೋರ್ಡಿನ ಮೇಲೆ ಐನೂರ ಹನ್ನೆರಡು ಕಿಲೋಬೈಟ್ ಕ್ಯಾಶ್ ಇತ್ತು. ರಾಯರ ಜ್ಯಾ ಕೋಷ್ಟಕ ನೂರೆಪ್ಪತ್ತು ಕಿಲೋಬೈಟಿನ ಸುಮಾರಿನದು, ಅದರಲ್ಲಿ ಆರಾಮವಾಗಿ ಹಿಡಿಸುತ್ತಿತ್ತು. ಹೊಸದರಲ್ಲಿ ಚಿಪ್ಪಿನೊಳಗೇ ಇದ್ದ ಮೊದಲ ಹಂತದ ಕ್ಯಾಶಿನಲ್ಲಿ ಅಂಕಿಗಳಿಗೆ ಸಿಗುತ್ತಿದ್ದುದು ಹದಿನಾರು ಕಿಲೋಬೈಟ್. ಪ್ರತಿಯೊಂದು ಜ್ಯಾಕ್ಕೂ ಪ್ರೊಸೆಸರ್ ದೂರದ ಮುಖ್ಯ ಮೆಮರಿಗೆ ಹೋಗಿ ಬರುತ್ತಿತ್ತು. ಎಣಿಸುವುದರಲ್ಲಿ ಚುರುಕು, ಆದರೆ ದಿನವೆಲ್ಲ ದಾರಿಯಲ್ಲೇ.

ಕಾರಣ ಸಿಕ್ಕಿತು, ಉಪಾಯ ಸಿಗಲಿಲ್ಲ. ಕಚೇರಿಯ ಯಂತ್ರವನ್ನು ಸ್ವಂತ ಕೆಲಸಕ್ಕೆ ಮರಳಿ ಕೇಳುವುದು ರಾಯರ ಸ್ವಭಾವವಲ್ಲ. ಅವರು ಮುಳಬಾಗಿಲಿನ ಬಸ್ಸು ಹತ್ತಿದರು. ಪಂಚಾಂಗ ಈ ವರ್ಷ ಬರುವುದಿಲ್ಲವೆಂದು ತಂದೆಗೆ ತಿಳಿಸಬೇಕಿತ್ತು.

ಮರುದಿನ ದ್ವಾದಶಿ. ಹಿಂದಿನ ದಿನದ ಉಪವಾಸ ಮುರಿಯಲು ಮನೆಯಲ್ಲಿ ಬೆಳಿಗ್ಗೆಯೇ ಅಡುಗೆ. ತಿರುಮಲಮ್ಮ ಮಡಿಯಲ್ಲಿ ಒಲೆಯ ಮುಂದೆ ಕೂತಿದ್ದರು. ಸುತ್ತ ಅರ್ಧಚಂದ್ರದಂತೆ ಬೇಳೆ, ನೆಲ್ಲಿಕಾಯಿ, ಬೆಲ್ಲ, ಹೆಚ್ಚಿದ ಅಗಸೆ ಸೊಪ್ಪು, ಒಗ್ಗರಣೆಯ ಬಟ್ಟಲು. ರಾಯರು ಬಾಗಿಲ ಹೊರಗೇ ನಿಂತು ಕೇಳಿದರು.

“ಅಮ್ಮ, ಉಗ್ರಾಣದಿಂದ ಏನಾದ್ರೂ ತಂದ್ಕೊಡ್ಲಾ?”

“ನೀನು ಮುಟ್ಟಿದ್ದು ನನಗೆ ಬರುತ್ತೇನೋ? ದೂರ ನಿಲ್ಲು. ಮಡಿ ಉಟ್ಟು ಕೂತ ಮೇಲೆ ಮತ್ತೆ ಏಳೋದು ಬೇಡ ಅಂತ ಬೇಕಾಗಿದ್ದನ್ನೆಲ್ಲ ಕೈಗೆಟಕೋ ಹಾಗೆ ಇಟ್ಕೊಂಡಿದೀನಿ.”

“ಇಷ್ಟರಲ್ಲೇ ಆಗೋಗುತ್ತಾ?”

“ಹತ್ತು ಎಲೆ ಅಡುಗೆಗೆ ಇಷ್ಟು ಸಾಲ್ದಾ? ಉಗ್ರಾಣಾನೆಲ್ಲ ತಂದು ಒಲೆ ಮುಂದೆ ಸುರ್ಕೊಂಡ್ರೆ ನಾನೆಲ್ಲಿ ಕೂತ್ಕೊಳ್ಳಲಿ, ನಿನ್ನ ತಲೆ ಮೇಲಾ?”

ರಾಯರು ನಿಂತಲ್ಲೇ ನಿಂತರು. ಹಾಗೆ ನಿಂತದ್ದನ್ನು ಅವರು ಮುಂದೆ ಎಷ್ಟೋ ತರಗತಿಗಳಲ್ಲಿ ಹೇಳಿದ್ದಾರೆ. ಉಗ್ರಾಣ ದೊಡ್ಡದು, ಒಲೆಯ ಮುಂದಿನ ಜಾಗ ಚಿಕ್ಕದು. ಜಾಗ ದೊಡ್ಡದು ಮಾಡಲಾಗದಿದ್ದರೆ, ಒಲೆಯ ಮುಂದೆ ಏನಿಡಬೇಕೆಂಬುದನ್ನು ಯೋಚಿಸಬೇಕು. ರಾಯರು ಯಂತ್ರದಲ್ಲಿ ಇಟ್ಟುಕೊಂಡಿದ್ದು ಉಗ್ರಾಣವನ್ನೇ.

ನಡುಮನೆಯಲ್ಲಿ ಪ್ರಹ್ಲಾದಾಚಾರ್ಯರು ಗೋಡೆಗೊರಗಿ ಕೂತಿದ್ದರು.

“ಅಪ್ಪ, ಲೆಕ್ಕ ಮಾಡೋವಾಗ ಜ್ಯಾ ಕೋಷ್ಟಕ ಎಲ್ಲಿ ಇಟ್ಕೊಳ್ತಿದ್ರಿ? ನಾನು ನೋಡಿದ್ದೇ ಇಲ್ಲ.”

“ಕೋಷ್ಟಕ ಯಾಕೋ? ಇರೋದೇ ಇಪ್ಪತ್ನಾಲ್ಕು.” ಆಚಾರ್ಯರು ಕಣ್ಣು ಮುಚ್ಚಿ ಶುರು ಮಾಡಿದರು: “ಇನ್ನೂರ ಇಪ್ಪತ್ತೈದು. ನಾನೂರ ನಲವತ್ತೊಂಬತ್ತು. ಆರುನೂರ ಎಪ್ಪತ್ತೊಂದು. ಎಂಟುನೂರ ತೊಂಬತ್ತು...” ಕೊನೆಯ ಮೂರು ಸಾವಿರದ ನಾನೂರ ಮೂವತ್ತೆಂಟರವರೆಗೆ ಉಸಿರು ಕಟ್ಟದೆ ಹೇಳಿ ನಿಲ್ಲಿಸಿದರು.

“ನಡುವೆ ಬರೋ ಕೋನಕ್ಕೆ?”

“ಅಕ್ಕಪಕ್ಕದ ಎರಡು ಗೊತ್ತಿದ್ಮೇಲೆ ನಡುವಿನದನ್ನ ಅಲ್ಲೇ ಭಾಗ ಹಾಕಿ ತೆಗೆದ್ರಾಯ್ತು. ಅದನ್ನ ಯಾರು ಇಟ್ಕೊಳ್ತಾರೆ? ನೀನು ಎಷ್ಟು ಇಟ್ಕೊಂಡಿದೀಯೋ?”

“ಇಪ್ಪತ್ತೊಂದು ಸಾವಿರದ ಆರುನೂರು.”

ಆಚಾರ್ಯರು ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕರು. “ಅಷ್ಟೊಂದು ಯಾರ ಮದುವೆಗೋ?”

ಆ ನಗುವಿನಲ್ಲಿ ರಾಯರಿಗೆ ಎರಡು ಗಂಟು ಒಟ್ಟಿಗೆ ಬಿಚ್ಚಿದವು. ಇಪ್ಪತ್ನಾಲ್ಕು ಅಂಕಿಗಳನ್ನಿಡಲು ಅತ್ಯಂತ ಚಿಕ್ಕ ಕ್ಯಾಶಿನ ಒಂದು ಮೂಲೆ ಸಾಕು. ನಡುವಿನದನ್ನು ಎಣಿಸಿ ತೆಗೆಯುವುದು, ದೂರ ಹೋಗಿ ತರುವುದಕ್ಕಿಂತ ಆ ಪ್ರೊಸೆಸರಿಗೆ ಹಗುರ. ಇನ್ನು, ವಿಘಟಿಗಳ ವ್ಯತ್ಯಾಸ. ತಂದೆ ಇಪ್ಪತ್ನಾಲ್ಕು ಜ್ಯಾಗಳಿಂದ ಗಣಿಸಿದ್ದನ್ನು ಮಗ ಇಪ್ಪತ್ತೊಂದು ಸಾವಿರದಿಂದ ಗಣಿಸಿ, ಎರಡೂ ಏಕೆ ತಾಳೆಯಾಗುತ್ತಿಲ್ಲವೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ. ಯಾರ ಲೆಕ್ಕವೂ ತಪ್ಪಿರಲಿಲ್ಲ. ಅದೇ ಮನೆಯಲ್ಲಿ ಬೆಳೆದವನು ಆ ಮನೆಯವರು ಏನನ್ನು ಕೈಗೆಟಕುವಂತೆ ಇಟ್ಟುಕೊಂಡಿದ್ದರೆಂದು ಕೇಳಿರಲಿಲ್ಲ, ಅಷ್ಟೆ. ಪಂಚಾಂಗ ಬರುವುದಿಲ್ಲವೆಂದು ಹೇಳಲು ಬಂದಿದ್ದ ರಾಯರು ಅದನ್ನು ಹೇಳದೆಯೇ ಕೋಲಾರಕ್ಕೆ ಮರಳಿದರು.

ಮುಂದಿನ ಭಾನುವಾರ, ಎರಡನೇ ಹಂತದ ಕ್ಯಾಶ್ ಇಲ್ಲದ ಅದೇ ಯಂತ್ರದಲ್ಲಿ, ಐವತ್ತು ವರ್ಷದ ಗಣಿತ ಊಟದ ಹೊತ್ತಿಗೆ ಮುಗಿಯಿತು. ನಂದೀಶ್ ಎದ್ದು ನಿಂತು ಯಂತ್ರಕ್ಕೆ ಕೈ ಮುಗಿದರು. “ಬಸ್ಸಿನ ಮಾತು ವಾಪಸ್ ತಗೊಂಡೆ ಸಾರ್” ಎಂದರು.

ಸಂಕ್ರಾಂತಿಯ ಮುಂಚಿನ ದಿನಗಳಲ್ಲಿ ಮುಳಬಾಗಿಲಿನ ನಡುಮನೆಯಲ್ಲಿ ಓದು ನಡೆಯಿತು. ಯಂತ್ರದ ಅಂಕಿಗಳನ್ನು ಮಗ ಓದಿದರು. ತಂದೆ ಕಿಟಕಿಯ ಬೆಳಕಿಗೆ ತಮ್ಮ ಹಳೆಯ ಪಂಚಾಂಗ ಹಿಡಿದು, ಕಣ್ಣಿಗೆ ಬಿದ್ದಷ್ಟನ್ನು ಕಣ್ಣಿನಿಂದ, ಉಳಿದದ್ದನ್ನು ನೆನಪಿನಿಂದ ತಾಳೆ ನೋಡಿದರು. ಸರಿ. ಸರಿ. ಸರಿ. ಒಂದು ಕಡೆ ಮಾತ್ರ ಆಚಾರ್ಯರು ತಡೆದರು. ೧೯೫೦ರ ಒಂದು ನವಮಿ, ಐದು ವಿಘಟಿ ವ್ಯತ್ಯಾಸ.

“ಇದು ನಂದು ತಪ್ಪು,” ಎಂದರು ಆಚಾರ್ಯರು. “ಆ ಹಾಳೆ ಗಣಿಸೋ ವಾರ ನೀನು ಹುಟ್ಟಿದೆ ಕಣೋ. ಮನಸ್ಸು ಲೆಕ್ಕದಲ್ಲಿ ಇರ್ಲಿಲ್ಲ. ನಿನ್ನ ಯಂತ್ರದ್ದೇ ಸರಿ. ಮುಂದೆ ಓದು.”

ಪ್ರಮಾಥಿ ಸಂವತ್ಸರದ ಪಂಚಾಂಗ ಯುಗಾದಿಗೆ ಮುಂಚೆ ಬಂತು. ಪ್ರಹ್ಲಾದಾಚಾರ್ಯರು ಅದನ್ನು ಕಣ್ಣಿನ ತೀರ ಹತ್ತಿರ ಹಿಡಿದು ತಮ್ಮ ಹೆಸರನ್ನು ಓದಿದರು, ಮೊದಲ ಪುಟವನ್ನು ಓದಿದರು, ಮಡಿಲಲ್ಲಿಟ್ಟುಕೊಂಡು ‘ಸರಿ’ ಎಂದರು. ಆ ವರ್ಷದ ದೀಪಾವಳಿಗೆ ದೀಪ ಹಚ್ಚಿದ್ದು ಅವರಿಗೆ ಕಾಣಲಿಲ್ಲ.

ಈ ಅನುಭವದಿಂದ ರಾಯರು ಕಲಿತದ್ದನ್ನು ಮುಂದಿನ ಹತ್ತು ವರ್ಷ ನಾಲ್ಕೂ ತಾಲ್ಲೂಕುಗಳು ಉಂಡವು. ಆ ದಶಕದಲ್ಲಿ ಕ್ಯಾಶ್ ಪ್ರೊಸೆಸರಿನ ಒಡಲೊಳಗೇ ಸೇರಿ, ಕಿಲೋಬೈಟಿನಿಂದ ಮೆಗಾಬೈಟಿಗೆ ಬೆಳೆಯಿತು. ಅಂಗಡಿಗಳಲ್ಲಿ ಅದನ್ನು ಹೊಗಳಿ ಮಾರುವುದೂ ಶುರುವಾಯಿತು. ರಾಯರು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಸಲಹೆ ಕೇಳಿ ಬಂದವರನ್ನು ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಎಷ್ಟು ಎಲೆ ಅಡುಗೆ?”

ಶ್ರೀನಿವಾಸಪುರದ ಮಾವಿನ ಮಂಡಿಯ ಅಶ್ವತ್ಥಪ್ಪನವರು ೨೦೦೪ರ ಹಂಗಾಮಿಗೆ ಮುಂಚೆ ಬಂದು, ಎಲ್ಲಕ್ಕಿಂತ ಜಾಸ್ತಿ ಕ್ಯಾಶ್ ಇರುವುದೇ ತಮಗೆ ಬೇಕೆಂದರು.

“ಏನು ಮಾಡ್ತೀರಿ ಅದರಲ್ಲಿ?”

“ಚೀಟಿ ಹೊಡೀತೀವಿ ಸಾರ್. ಲೋಡು ಲೆಕ್ಕ. ಸಾಯಂಕಾಲ ನಮ್ಮುಡುಗ್ರು ಸಿನ್ಮಾ ಪಾಟ ಕೇಳ್ತಾರೆ.”

“ನಿಮ್ಮದು ಎರಡು ಎಲೆ ಅಡುಗೆ, ಅಶ್ವತ್ಥಪ್ಪನೋರೇ. ಅದಕ್ಕೆ ಮದುವೆ ಪಾತ್ರೆ ಯಾಕೆ? ನೀವು ಒಂದಕ್ಷರ ಒತ್ತಿ ಇನ್ನೊಂದು ಒತ್ತೋದ್ರೊಳಗೆ ಅದು ಕಾದೂ ಕಾದೂ ತೂಕಡಿಸುತ್ತೆ.”

“ಅಂಗಾದ್ರೆ ಪಕ್ಕದ ಮಂಡಿಯೋನು ತಂದವ್ನಲ್ಲ ಸಾರ್, ದೊಡ್ಡದು!”

“ಅವನ ಮಾವು ಏನು ನಿಮ್ಮದಕ್ಕಿಂತ ಬೇಗ ಹಣ್ಣಾಗುತ್ತಾ?”

ಅಶ್ವತ್ಥಪ್ಪನವರು ಸಾಧಾರಣ ಯಂತ್ರವನ್ನೇ ಕೊಂಡರು. ಆ ಬೇಸಿಗೆ ರಾಯರ ಮನೆಗೆ ಒಂದು ಬುಟ್ಟಿ ಮಲ್ಲಿಕಾ ಮಾವು ಬಂತು.

ಮಾಲೂರಿನ ಕದಿರೇಶ ಅವರ ಕಥೆ ಬೇರೆ. ಹೆಂಚಿನ ಅಚ್ಚುಗಳನ್ನು ಕಂಪ್ಯೂಟರಿನಲ್ಲಿ ರೂಪಿಸಿ, ಒತ್ತುವಾಗ ಎಲ್ಲಿ ಬಿರುಕು ಬಿಟ್ಟೀತೆಂದು ಮೊದಲೇ ಲೆಕ್ಕ ಹಾಕುವುದು ಅವರ ವೃತ್ತಿ. ೨೦೦೭ರಲ್ಲಿ ರಾಯರು ಅವರ ಕಾರ್ಯಾಗಾರದಲ್ಲೇ ಎರಡು ಯಂತ್ರಗಳನ್ನು ಪಕ್ಕಪಕ್ಕ ಇಡಿಸಿದರು. ಪ್ರೊಸೆಸರಿನ ವೇಗ ಒಂದೇ. ಒಂದರಲ್ಲಿ ಎರಡು ಮೆಗಾಬೈಟ್ ಕ್ಯಾಶ್, ಇನ್ನೊಂದರಲ್ಲಿ ನಾಲ್ಕು. ಪತ್ರ ಬರೆಯುವುದರಲ್ಲಿ, ಇಂಟರ್ನೆಟ್ ನೋಡುವುದರಲ್ಲಿ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಛಾಯಾಚಿತ್ರ ತಿದ್ದುವುದರಲ್ಲಿ ಅಷ್ಟಿಷ್ಟು. ಅಚ್ಚಿನ ಚಿತ್ರವನ್ನು ಪರದೆಯ ಮೇಲೆ ತಿರುಗಿಸುವ ವೇಗ ಕ್ಯಾಶಿಗಿಂತ ಗ್ರಾಫಿಕ್ಸ್ ಕಾರ್ಡಿಗೆ ಸೇರಿದ್ದೆಂದೂ ಗೊತ್ತಾಯಿತು. ಆದರೆ ಬಿರುಕಿ‌ನ ಲೆಕ್ಕದಲ್ಲಿ ನಾಲ್ಕರದ್ದು ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು ಹೊತ್ತು ಉಳಿಸಿತು. ದಿನವೆಲ್ಲ ಅದೇ ಲೆಕ್ಕ ಮಾಡುವವನಿಗೆ ಅದು ಸಣ್ಣದಲ್ಲ. “ನಿಮ್ಮದು ಪಂಕ್ತಿ ಅಡುಗೆ. ನೀವು ದೊಡ್ಡದೇ ತಗೊಳ್ಳಿ” ಎಂದರು ರಾಯರು. ಎರಡು ಮೆಗಾಬೈಟು ನಾಲ್ಕಾದರೆ ಕೆಲಸ ಇಮ್ಮಡಿ ಬೇಗವಾಗದೆಂಬುದನ್ನೂ, ಕೆಲಸದ ಸಾಮಾನು ಕ್ಯಾಶಿನಲ್ಲಿ ಹಿಡಿಸುತ್ತದೆಯೇ ಇಲ್ಲವೇ ಎಂಬ ಗಡಿಯಲ್ಲಷ್ಟೇ ಅದರ ಗಾತ್ರಕ್ಕೆ ಬೆಲೆಯೆಂಬುದನ್ನೂ ಸೇರಿಸಲು ಮರೆಯಲಿಲ್ಲ.

ಇವೆಲ್ಲ ಹೊರಗಿನ ಸಂಗತಿಗಳು. ಅಭಿನಂದನ ಸಂಪುಟವೊಂದರಲ್ಲಿ ಹೇಳಬೇಕಾದ ಇನ್ನೊಂದಿದೆ.

ಕಣ್ಣು ಹೋದ ಮೇಲೂ ಪ್ರಹ್ಲಾದಾಚಾರ್ಯರು ಭಾನುವಾರ ಕಾಯುತ್ತಿದ್ದರು. ಯಂತ್ರ ಗಣಿಸಿದ ಐವತ್ತು ವರ್ಷಗಳಲ್ಲಿ ಸಂಕ್ರಾಂತಿಯ ಮುಂಚೆ ಓದಲಾದದ್ದು ಆಯ್ದ ಹಾಳೆಗಳನ್ನು ಮಾತ್ರ. ಉಳಿದದ್ದನ್ನು ರಾಯರು ವಾರವಾರವೂ ಬಂದು ಓದಿ ಹೇಳುತ್ತ ಹೋದರು. ಒಂದು ದಿನ ಅದೂ ಮುಗಿಯಿತು. ಮುಂದಿನ ಭಾನುವಾರ ಬಂದ ಮಗ ಸುಮ್ಮನೆ ಕೂತಿರುವುದನ್ನು ತಿಳಿದು ಆಚಾರ್ಯರು ಕೇಳಿದರು: “ಯಾಕೋ, ಇವತ್ತು ಓದೋದೇನೂ ಇಲ್ವೇನೋ?”

ರಾಯರು ಒಳಗೆ ಹೋಗಿ ಕಟ್ಟು ತಂದು ಮೊದಲ ಹಾಳೆಯಿಂದ ಮತ್ತೆ ಶುರು ಮಾಡಿದರು. ನಾಲ್ಕಾರು ಅಂಕಿಗಳಿಗೆ ‘ಸರಿ’ ಎಂದ ಆಚಾರ್ಯರು ತಡೆದರು. “ಇದನ್ನ ಅವತ್ತೇ ಓದಿದೀಯ ಕಣೋ.” ಸ್ವಲ್ಪ ಬಿಟ್ಟು, “ಇರಲಿ, ಓದು” ಎಂದರು. ಆ ಎರಡನೆಯ ಓದು, ೨೦೦೪ರಲ್ಲಿ ಆಚಾರ್ಯರು ಹರಿಪಾದ ಸೇರುವವರೆಗೆ, ನಡುಮನೆಯಲ್ಲಿ ನಡೆಯಿತು. ಪೂರ್ತಿಯಾಗಲಿಲ್ಲ.

ಪಂಚಾಂಗ ಈಗಲೂ ಬರುತ್ತಿದೆ. ರಾಯರ ಪತ್ನಿ ಮೃದುಲಾ ಅವರು ಎದುರಿಗೆ ಕೂತು ಕೇಳಿ ಸರಿಯೆನ್ನುತ್ತಾರೆ, ಒಂದು ತಪ್ಪನ್ನೂ ಬಿಟ್ಟವರಲ್ಲ. ಆದರೂ ಓದುವಾಗ ರಾಯರು ಕೆಲವೊಮ್ಮೆ ಒಂದು ಅಂಕಿಯ ಬಳಿ ಕಾರಣವಿಲ್ಲದೆ ನಿಲ್ಲುತ್ತಾರೆ, ಬೇರೆಲ್ಲಿಂದಲೋ ಬರಬೇಕಾದ ದನಿಗೆ ಕಿವಿಗೊಟ್ಟವರಂತೆ. ಮೃದುಲಾ ಅವಸರ ಮಾಡುವುದಿಲ್ಲ. “ಕಾಯ್ಲಿ ಬಿಡಿ. ಅವರೇನು ಕಂಪ್ಯೂಟರಾ?” ಎಂದು ಒಮ್ಮೆ ನಂದೀಶರಿಗೆ ಹೇಳಿದರಂತೆ.

ಕಳೆದ ವರ್ಷ ಪ್ರಯೋಗಾಲಯಕ್ಕೆ ಆರು ಮೆಗಾಬೈಟ್ ಕ್ಯಾಶಿನ ಯಂತ್ರ ಬಂದಾಗ, ರಾಯರು ಹಳೆಯ ಫ್ಲಾಪಿಯೊಂದನ್ನು ಹುಡುಕಿ ತೆಗೆದು, ಇಪ್ಪತ್ತೊಂದು ಸಾವಿರದ ಆರುನೂರು ಜ್ಯಾಗಳ ಆ ಮೊದಲ ಪ್ರೋಗ್ರಾಮನ್ನೇ ಒಂದಕ್ಷರ ತಿದ್ದದೆ ಓಡಿಸಿದರು. ಅವರೂ ನಂದೀಶರೂ ಕೆಳಗೆ ಹೋಗಿ ಟೀ ಕುಡಿದು ಬರುವಷ್ಟರಲ್ಲಿ ಐವತ್ತು ವರ್ಷ ಮುಗಿದಿತ್ತು. ನಂದೀಶ್ ಚಪ್ಪಾಳೆ ತಟ್ಟಿದರು. ರಾಯರು ತಟ್ಟಲಿಲ್ಲ. ಮೇಜಿನ ಮೇಲಿನ ಹಳೆಯ ಕಾರ್ಡನ್ನು ಎತ್ತಿಕೊಂಡು ಖಾಲಿ ಜಾಗದ ಮೇಲೆ ಬೆರಳಾಡಿಸುತ್ತಿದ್ದರು.

“ಏನ್ಸಾರ್, ಖುಷಿ ಆಗ್ಲಿಲ್ವಾ? ಅವತ್ತು ಇದು ಇದ್ದಿದ್ರೆ ಎಷ್ಟು ಕಷ್ಟ ತಪ್ತಿತ್ತು!”

“ತಪ್ತಿತ್ತು ನಂದೀಶ್,” ಎಂದರು ರಾಯರು. “ಅವತ್ತು ಇದು ಇದ್ದಿದ್ರೆ ನಾನು ಅಪ್ಪನ ಲೆಕ್ಕಾನೇ ತಪ್ಪು ಅಂದ್ಕೊಂಡು ಕೂತಿರ್ತಿದ್ದೆ. ಮುಳಬಾಗಿಲಿಗೆ ಹೋಗಿ ಕೇಳ್ತಾನೇ ಇರ್ಲಿಲ್ಲ.”

ಎಲ್ಲರೂ ವೇಗವನ್ನು ಎಣಿಸುವ ಕಾಲದಲ್ಲಿ, ಸಂಕರ್ಷಣ ರಾಯರು ಅಂದಿನ ಯಂತ್ರದಿಂದ ಕಳಚಿದ ಕಾರ್ಡಿನ ರೂಪದಲ್ಲಿ ಒಂದು ಕೊರತೆಯನ್ನು ವರ್ಷಗಟ್ಟಲೆ ಮೇಜಿನ ಮೇಲೆ ಇಟ್ಟುಕೊಂಡರು. ಆ ಕೊರತೆ ಅವರನ್ನು ತಂದೆಯ ಎದುರಿಗೆ ಕೂರಿಸಿತ್ತು.

ನಿವೃತ್ತಿಯ ಬಳಿಕ ಮುಳಬಾಗಿಲಿನ ಮನೆಯ ನಡುಮನೆಯಲ್ಲಿ, ಅರ್ಧಕ್ಕೆ ನಿಂತ ಆ ಎರಡನೆಯ ಓದನ್ನು ಪೂರ್ತಿ ಮಾಡಬೇಕೆಂಬುದು ರಾಯರ ಬಯಕೆ. ಕೇಳಲು ಬರುವವರಿಗೆ ಇಪ್ಪತ್ನಾಲ್ಕು ಜ್ಯಾಗಳನ್ನು ಬಾಯಿಪಾಠ ಮಾಡಿಸುವ ಯೋಚನೆಯೂ ಇದೆ. ಮೊದಲ ಭಾನುವಾರಕ್ಕೆ ನಂದೀಶ್ ಸುಗಟೂರಿನಿಂದ ಹೊರಡುವವರಿದ್ದಾರೆ. ತಮಗೆ ಪಂಚಾಂಗದ ಗಂಧಗಾಳಿ ಇಲ್ಲವೆಂದು ಅವರು ಹಿಂಜರಿದಾಗ ರಾಯರು ಹೇಳಿದ್ದು ಇಷ್ಟು: “ಸರಿ ಅನ್ನೋದನ್ನ ಯಾರು ಬೇಕಾದ್ರೂ ಅಂತಾರೆ. ತಪ್ಪು ಅನ್ನಿಸಿದಾಗ ಸುಮ್ನಿರ್ಬೇಡಿ. ಅಷ್ಟು ಬಂದ್ರೆ ಸಾಕು.”

ರಾಯರಿಗೆ ಆಯುಷ್ಯ, ಆರೋಗ್ಯಗಳು ಧಾರಾಳವಾಗಿರಲಿ; ಅವರು ಗಣಿಸಬೇಕಾದ ಸಂವತ್ಸರಗಳು ಇನ್ನೂ ಬಹಳವಿವೆ. ಅವರ ದನಿ ಗಟ್ಟಿಯಾಗಿರಲಿ, ಹಾಳೆಗಳು ಬೇಗ ಮುಗಿಯದಿರಲಿ. ಓದುತ್ತ ಓದುತ್ತ ಅವರು ನಿಂತಾಗ, ನಿಲ್ಲುವಷ್ಟು ಹೊತ್ತು ನಿಲ್ಲಲಿ. ಎದುರಿಗೆ ಕೂತವರು ಕಾದಾರು. ಆಮೇಲೆ ನಡುಮನೆಯಿಂದ ಆ ಮಾತು ಕೇಳಲಿ: “ಸರಿ. ಮುಂದೆ ಓದಿ.”